ಕರಜಗಿಯ ಬಾವಿಯೊಳಗಿನ ಕೆಂಪು ಪದರ

ಸೊಲ್ಲಾಪುರದಲ್ಲಿ ಗಾಡಿ ಇಳಿದಾಗ ಬೆಳಗಿನ ಚಳಿ ಇನ್ನೂ ಹೋಗಿರಲಿಲ್ಲ. ಎಪ್ಪತ್ತಾರನೆಯ ಇಸವಿಯ ಫೆಬ್ರವರಿ. ಧಾರವಾಡದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಲು ಸೇರಿ ನನಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ರಜೆಗೆಂದು ಕರಜಗಿಯ ಕಾಕಾನ ಮನೆಗೆ ಹೊರಟಿದ್ದೆ. ಚಹಾ ಕುಡಿದು, ಬಿಸಿ ಭಜಿ ಕಟ್ಟಿಸಿಕೊಂಡು ಎಸ್‌ಟಿ ಬಸ್ಸು ಹತ್ತಿದೆ.

ಅಕ್ಕಲಕೋಟೆಗೆ ಸುಮಾರು ನಲವತ್ತು ಕಿಲೋಮೀಟರ್. ಎರಡೂ ಬದಿಗೆ ಎರೆಹೊಲ, ತೆನೆ ಬಾಗಿದ ಬಿಳಿಜೋಳ. ಹಳ್ಳದ ದಂಡೆಗಳಲ್ಲಿ ಕರಿಕಲ್ಲು ಉಳ್ಳಾಗಡ್ಡಿಯ ಹಾಗೆ ಪದರು ಪದರಾಗಿ ಸುಲಿದಿತ್ತು. ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ನನ್ನನ್ನು ಕಂಡಕ್ಟರ್ ಮರಾಠಿಯಲ್ಲಿ ಗದರಿದ. ಕನ್ನಡದವಳೆಂದು ತಿಳಿದೊಡನೆ, “ಕಲ್ಲ ಏನ್ ನೋಡ್ತೀರಿ ಅಕ್ಕಾರ, ನಮ್ಮ ಕಡಿ ಅದಕ್ಕೇನ್ ಕಡಿಮಿ?” ಎಂದು ನಕ್ಕ.

ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಕರಜಗಿ ಮುಟ್ಟುವಷ್ಟರಲ್ಲಿ ಊಟದ ಹೊತ್ತು. ಕಾಕಾನ ಹೆಂಡತಿ ಕಾಕು ರೊಟ್ಟಿ, ಝುಣಕ, ಶೇಂಗಾ ಚಟ್ನಿ ಬಡಿಸಿದಳು. ಯಾವಾಗಲೂ ನಗಿಸುವ ಕಾಕಾ ಮಾತ್ರ ತಲೆ ಎತ್ತಲಿಲ್ಲ. ಹೊಲದಲ್ಲಿ ಹೊಸ ಬಾವಿ ತೋಡಿಸುತ್ತಿದ್ದ. ಮೇಲಿನ ಮುರುಮದ ಗರಸು ಮಣ್ಣು ದಾಟಿ, ಸುರುಂಗದ ಮದ್ದು ಸಿಡಿಸಿ ಕರಿಕಲ್ಲು ಒಡೆದು ಇಳಿದರೆ ಅದರ ಕೆಳಗೆ ಕೆಂಪು ಮಣ್ಣು ಬಂದಿತ್ತಂತೆ.

“ಕಲ್ಲಿನ ತೆಳಗ ಮಣ್ಣು ಬಂದ್ರ ಕೆಟ್ಟದ್ದಂತ. ಹಿರ್ಯಾರೆಲ್ಲಾ ಮುಚ್ಚಿಬಿಡು ಅಂತಾರ. ನಾಳೆ ಮುಚ್ಚಸ್ತೀನಿ,” ಎಂದ.

“ನಿಮ್ಮ ಅಣ್ಣನ ಮಗಳು ಕಲ್ಲಿನ ವಿದ್ಯಾನ ಕಲ್ತಾಳ. ಆಕಿಗೆ ಒಮ್ಮೆ ತೋರಸ್ರಿ,” ಎಂದಳು ಕಾಕು.

ಸೆರಗು ಬಿಗಿದುಕೊಂಡು, ಕಲ್ಲು ಮೇಲೆತ್ತುವ ಯಾರಿಯ ಬುಟ್ಟಿಯಲ್ಲಿ ಕುಳಿತು ಬಾವಿಗಿಳಿದೆ. ಮೇಲಿನಿಂದ ಕಾಕಾ, “ಹಗ್ಗ ಗಟ್ಟಿ ಹಿಡಿ!” ಎಂದು ಕೂಗುತ್ತಲೇ ಇದ್ದ. ತಳದಲ್ಲಿ ಇಟ್ಟಂಗಿಯಂಥ ಕೆಂಪು ಪದರ ಗೋಡೆಯ ಸುತ್ತ ಪಟ್ಟಿ ಎಳೆದಂತೆ ಕಂಡಿತು. ಪುಸ್ತಕದ ಚಿತ್ರದಲ್ಲಷ್ಟೇ ನೋಡಿದ್ದನ್ನು ಕೈಯಿಂದ ಮುಟ್ಟಿದೆ.

ಮೇಲೆ ಬಂದು ಹೇಳಿದೆ: “ಕಾಕಾ, ಅದು ಆರು ಕೋಟಿ ವರ್ಷದ ಹಿಂದಿನ ನೆಲ. ಭೂಮಿ ಸೀಳಿ ಕಾದು ಕರಗಿದ ಕಲ್ಲು ಹರದು ಬಂತು, ಆರಿತು. ಮಳಿ ಬಿಸಲಿಗೆ ಸವದು ಅದರ ಮೈ ಮಣ್ಣಾತು. ಆಮ್ಯಾಲ ಮತ್ತೊಮ್ಮೆ ಅಂಥಾ ಬೆಂಕಿ ಹರದು ಆ ಮಣ್ಣು ಸುಟ್ಟು ಕೆಂಪಾತು, ಆ ಬೆಂಕಿ ಆರಿ ಮ್ಯಾಲಿನ ಕರಿಕಲ್ಲಾತು. ಅದರ ತೆಳಗ ಹಳೇ ಕಲ್ಲು ಐತಿ, ತೂತು ತೂತಿರತೈತಿ. ನೀರು ಇದ್ರ ಅಲ್ಲೇ.”

“ಇದ್ರ?” ಕಾಕಾ ಆ ಒಂದು ಮಾತನ್ನೇ ಹಿಡಿದ.

“ಇದ್ರ,” ಎಂದೆ. ಖಾತ್ರಿ ಕೊಡುವ ಧೈರ್ಯ ನನಗಿರಲಿಲ್ಲ.

ಕಾಕಾ ಬಾವಿಯೊಳಗೆ ಬಗ್ಗಿ ನೋಡಿದ. “ಅವಾಗ ಇಲ್ಲಿ ಬಿತ್ತಾವ್ರು ಯಾರಿದ್ರು?”

“ಮನಷ್ಯಾರೇ ಹುಟ್ಟಿರಲಿಲ್ಲ.”

“ಹಂಗಾರ ಹಿಸ್ಸಾ ಕೇಳಾಕ ಯಾರೂ ಬರಂಗಿಲ್ಲ. ತೋಡ್ರಿ!” ಎಂದು ನಕ್ಕುಬಿಟ್ಟ.

ಮರುದಿನವೆಲ್ಲ ಕೆಂಪು ಪದರ ತೆಗೆಯುವುದರಲ್ಲೇ ಹೋಯಿತು. ನಾನು ಹೊತ್ತು ಹೊತ್ತಿಗೆ ಹೋಗಿ ಬಾವಿಯೊಳಗೆ ಇಣುಕಿ ಬರುತ್ತಿದ್ದೆ. ಅದರ ಮಾರನೆಯ ದಿನ ತೂತುಗಲ್ಲು ಬಂತು. ತೂತುಗಳೊಳಗೆ ಕಲ್ಲುಸಕ್ಕರೆಯಂಥ ಬಿಳಿ ಹರಳು. ಕಾಕು ನಾಲ್ಕಾರನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಆದರೆ ಹನಿ ನೀರಿಲ್ಲ. ಕಾಕಾ ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ. ಮಧ್ಯಾಹ್ನ ಆಳೊಬ್ಬ ಕಲ್ಲಿನ ಸಂದಿಗೆ ಹಾರೆ ಹಾಕಿ ಮೀಟಿದ. ಆ ಸಂದಿಯಿಂದ ಮೊದಲು ರಾಡಿ, ಆಮೇಲೆ ತಿಳಿನೀರು ಉಕ್ಕಿತು. “ಪಾಣಿ! ಪಾಣಿ ಬಂತು!” ಎಂದು ಕೆಳಗಿದ್ದವರೆಲ್ಲ ಕೂಗಿದರು. ಕಾಕಾ ಚಪ್ಪಲಿ ಬಿಟ್ಟು ಕೈಮುಗಿದ. ಸಂಜೆಯೊಳಗೆ ಮೊಣಕಾಲುದ್ದ ನೀರು. ಕಾಕು ಊರಿಗೆಲ್ಲ ಬೆಲ್ಲ ಹಂಚಿದಳು.

ಹೊರಟ ದಿನ ಬಸ್ಸು ಹೊಲದ ಬದಿಗೆ ಬಂದಾಗ ಡ್ರೈವರ್ ತಾನಾಗಿಯೇ ನಿಲ್ಲಿಸಿದ. ಸುದ್ದಿ ಅಷ್ಟು ಹಬ್ಬಿತ್ತು. ಬಸ್ಸಿನಲ್ಲಿದ್ದವರೆಲ್ಲ ಇಳಿದು ಬಾವಿ ಸುತ್ತ ನಿಂತರು. ಬಾವಿಯ ಹತ್ತಿರವೇ ಇದ್ದ ಕಾಕಾ ಕೋಲು ಚಾಚಿ ಒಂದೊಂದು ಪದರದ ಕಥೆಯನ್ನೂ, ಆ ಬೆಂಕಿಯನ್ನು ತಾನೇ ಕಂಡವನಂತೆ ಹೇಳಿದ. ಮುದುಕಿಯೊಬ್ಬಳು ಮಾತ್ರ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು: “ಆ ಬೆಂಕಿ ಮತ್ತ ಪರತ ಬರತೈತೇನ ಯವ್ವಾ?”

“ಇಲ್ಲ ಆಯಿ, ಆರಿ ಹೋಗೈತಿ.”

ಮುದುಕಿ ಬಗ್ಗಿ, ಅಲ್ಲಿ ಬಿದ್ದಿದ್ದ ಕರಿಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿದಳು. “ಹೌದ, ತಣ್ಣಗೈತಿ,” ಎಂದು, ಸಮಾಧಾನದಿಂದ ಎಲ್ಲರಿಗಿಂತ ಮೊದಲು ಹೋಗಿ ಬಸ್ಸು ಹತ್ತಿದಳು.