ಚಾಕುವಿನ ಹಣೆ

ಆದೋನಿಯಲ್ಲಿ ನನ್ನದು ಸ್ಟೀಲ್ ಪಾತ್ರೆ ಅಂಗಡಿ. ಮದುವೆಗೆ ಕೊಡುವ ತಟ್ಟೆ, ಚೊಂಬುಗಳ ಮೇಲೆ ಹೆಸರು ಕೊರೆದುಕೊಡುವವನೂ ನಾನೇ. ಆ ತಪ್ಪಿಗೆ ಪಕ್ಕದ ಮನೆಯ ವಾಗೀಶ್ ಕಬ್ಬಿಣದ ವಿಷಯದಲ್ಲಿ ಯಾವ ಸಂಶಯ ಬಂದರೂ ನನ್ನ ತಲೆ ತಿನ್ನುತ್ತಾನೆ.

ವಾಗೀಶನದು ಹಿಂದಿನಿಂದಲೂ ಹತ್ತಿ ವ್ಯಾಪಾರದ ಮನೆ. ವಾರವೆಲ್ಲ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಎಳೆ ಜಗ್ಗಿ ನೋಡುವ ಈ ಮನುಷ್ಯ ಭಾನುವಾರ ಬಂದರೆ ಹಿತ್ತಲಲ್ಲಿ ಇದ್ದಿಲ ಒಲೆ ಹೊತ್ತಿಸಿ ಚಾಕು ಮಾಡುತ್ತಾನೆ. ಅವರ ಮನೆಯಲ್ಲಿ ಕೊಯ್ಯುವ ಅತಿ ದೊಡ್ಡ ಪ್ರಾಣಿ ಎಂದರೆ ಕುಂಬಳಕಾಯಿ. ಅಂಥವರಿಗೆ ಇಷ್ಟು ಚಾಕು ಯಾಕೆ? ‘ಸಾವುಕಾರ್‌ಕಿ ಪಿಚ್ಚಿ ಪಟ್ಟಿಂದಿ’ ಎಂದು ಯಾರ್ಡಿನ ಹಮಾಲಿಗಳು ತೆಲುಗಿನಲ್ಲಿ ನಗುತ್ತಿದ್ದರು. ಸಾವುಕಾರನಿಗೆ ಹುಚ್ಚು ಹಿಡಿದಿದೆ ಎಂದು ನನಗೂ ಅನ್ನಿಸುತ್ತಿತ್ತು.

ಈ ಸಲ ಮಾತ್ರ ವಿಷಯ ತಮಾಷೆಯದಾಗಿರಲಿಲ್ಲ. ವಾಗೀಶನ ತಾಯಿ ಪಂಪಮ್ಮನವರಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ನೆಲದ ಮೇಲೆ ಕೂಡಲೇಬಾರದು ಎಂದರು ಡಾಕ್ಟರು. ಈಳಿಗೆ ಅಟ್ಟ ಸೇರಿತು. ನಿಂತು ಹೆಚ್ಚೋಣವೆಂದರೆ ಅಂಗಡಿಯ ಚಾಕುಗಳನ್ನು ಒತ್ತಿ ಒತ್ತಿ ಬೆರಳ ಗಂಟುಗಳು ನೋಯುತ್ತಿದ್ದವು. ಮದುವೆಯಾಗಿ ಬಂದಾಗಿನಿಂದ ಆ ಮನೆಯ ಕಾಯಿಪಲ್ಯೆ ಹೆಚ್ಚಿದವರು ಟಿವಿ ಮುಂದೆ ಕೂತುಬಿಟ್ಟರು.

“ಕುಂತು ಉಣ್ಣಾಕಿ ಆಗೀನಿ, ಸೋಮೇಶ. ನನ್ನ ಮನ್ಯಾಗ ನಾನೇ ಬೀಗರಾಕಿ,” ಎಂದರು ನನ್ನ ಹತ್ತಿರ.

ಒತ್ತದೆಯೇ ಕೊಯ್ಯುವ ತೆಳ್ಳಗಿನ ಚಾಕು ಮಾಡಿಕೊಡುತ್ತೇನೆ ಎಂದು ವಾಗೀಶ್ ಹೊರಟ. ಜಿನ್ನಿಂಗ್ ಮಿಲ್ಲಿನಿಂದ ಗರಗಸದ ಹಲ್ಲು ಉಜ್ಜಿ ಸವೆದ ಅರಗಳನ್ನು ತಂದ. ಹಳೆಯ ಅರ ಎಂದರೆ ಒಳ್ಳೆಯ ಟೂಲ್ ಸ್ಟೀಲು. ಅದನ್ನು ಮೊದಲು ಕಾಯಿಸಿ, ನಿಧಾನವಾಗಿ ಆರಿಸಿ, ಮೆತ್ತಗಾದ ಮೇಲೆ ತೇಯ್ದು ಚಾಕುವಿನ ಆಕಾರಕ್ಕೆ ತರಬೇಕು. ಮತ್ತೆ ಕೆಂಪಗೆ ಕಾಯಿಸಬೇಕು. ಅಯಸ್ಕಾಂತಕ್ಕೆ ಅಂಟದಷ್ಟು ಕಾದ ಮೇಲೆ ಬೆಚ್ಚಗಿನ ಶೇಂಗಾ ಎಣ್ಣೆಯಲ್ಲಿ ತಟ್ಟನೆ ಅದ್ದಬೇಕು. ಆಗ ಅದು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು; ಬಿದ್ದರೆ ಒಡೆಯುತ್ತದೆ. ಪೆಡಸು ಕಳೆಯಲು ವಾಗೀಶ್ ತನ್ನ ಹೆಂಡತಿ ಪ್ರತಿಮಾಳ ಕೇಕಿನ ಓವನ್ನಿನಲ್ಲಿ ಸಣ್ಣ ಬಿಸಿ ಕೊಡುತ್ತಿದ್ದ. ಆ ಓವನ್ನಿನ ಕೇಕು ಈಗಲೂ ಶೇಂಗಾ ಎಣ್ಣೆಯ ವಾಸನೆ ಹೊಡೆಯುತ್ತದೆ.

ಮೊದಲ ಚಾಕುವಿನ ಅಂಚು ಬದನೆಕಾಯಿಯ ತೊಟ್ಟಿಗೇ ಅಲ್ಲಲ್ಲಿ ಮಡಚಿಕೊಂಡಿತು. ಎರಡನೆಯದೂ ಅಷ್ಟೇ. “ಇನ್ನೊಂದು ನೋಡು. ಅದೂ ಆಗಲಿಲ್ಲಂದ್ರ ಬಿಡಪ್ಪ, ನನಗ ಚಾಕು ಬ್ಯಾಡ,” ಎಂದರು ಪಂಪಮ್ಮ.

ವಾಗೀಶ್ ಕೆಟ್ಟ ಚಾಕುಗಳನ್ನು ಉಜ್ಜಿ, ಸರ್ಕ್ಯೂಟ್ ಬೋರ್ಡಿಗೆ ಬಳಸುವ ಫೆರಿಕ್ ಕ್ಲೋರೈಡ್ ನೀರಿನಲ್ಲಿ ಅದ್ದಿದ. ಆ ನೀರು ಉಕ್ಕನ್ನು ತುಸುವೇ ತಿಂದು ಗಟ್ಟಿ ಭಾಗ ಯಾವುದು, ಮೆತ್ತನೆಯದು ಯಾವುದು ಎಂದು ಬಣ್ಣದಲ್ಲೇ ತೋರಿಸುತ್ತದೆ. ಎರಡರಲ್ಲೂ ಬೆನ್ನಿನಿಂದ ಅಂಚಿನವರೆಗೆ ಮೂರು ಮಾಸಲು ಪಟ್ಟಿಗಳು ಎದ್ದುಬಂದವು. ಅವುಗಳನ್ನು ನನ್ನ ಅಂಗಡಿಗೆ ತಂದ. ಅರದಿಂದ ಉಜ್ಜಿ ನೋಡಿದೆ. ಬೇರೆ ಕಡೆ ಜಾರಿದ ಅರ ಆ ಪಟ್ಟಿಗಳಲ್ಲಿ ಕಚ್ಚಿತು.

“ಎಣ್ಣಿ ಬದಲಿ ಮಾಡಿದೆ, ಇದ್ದಿಲು ಬದಲಿ ಮಾಡಿದೆ. ಈ ಮೂರು ಪಟ್ಟಿ ಹೋಗವಲ್ಲವು. ಇದ್ಯಾಕ ಹಿಂಗ, ಸೋಮೇಶಣ್ಣ?”

ನನಗೇನು ಗೊತ್ತು? ಆದರೂ ಕುತೂಹಲ ಕೆಟ್ಟದ್ದು. ಅಂಗಡಿ ಮುಚ್ಚಿ ಅವನ ಮನೆಗೆ ಹೋದೆ. ಚಾಕುಗಳನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಪಂಪಮ್ಮ ಮಜ್ಜಿಗೆ ತಂದರು. ಪ್ರತಿಮಾ ಚಾಕು ನೋಡಿದಳು, ಅತ್ತೆಯ ಮುಖ ನೋಡಿದಳು, ಬಾಯಿಗೆ ಸೆರಗು ಒತ್ತಿ ನಗತೊಡಗಿದಳು.

“ರೀ, ಅತ್ತಿ ಹಣಿ ನೋಡ್ರಿ.”

ಹಣೆಯ ಮೇಲೆ ಮೂರು ಬೆರಳ ವಿಭೂತಿ ಇತ್ತು.

“ಚಾಕುಗೂ ಹಚ್ಚೀನಿ,” ಎಂದರು ಪಂಪಮ್ಮ ಸುಮ್ಮನೆ. “ನೀ ಒಲಿಗೆ ಗಾಳಿ ಹಾಕಾಕ ತಿರುಗಿದಾಗ ನೀರು ಕಲಸಿ ದಪ್ಪಗ ಹಚ್ಚೀನಿ. ಹೊಸ ತಕ್ಕಡಿಗೆ ಹಚ್ಚತೀವಿ, ಮೊದಲನೇ ಹತ್ತಿ ಅಂಡಿಗಿಗೆ ಹಚ್ಚತೀವಿ. ಬೆಂಕ್ಯಾಗ ಹೋಗೋದು ಬರೇ ಹಣಿಲೆ ಹೋಗಬೇಕೇನು?”

ದಪ್ಪ ಬೂದಿ ಇದ್ದ ಕಡೆ ಎಣ್ಣೆಯ ತಂಪು ಬೇಗ ತಾಕಿರಲಿಲ್ಲ. ಉಕ್ಕು ಮೆತ್ತಗೇ ಉಳಿದಿತ್ತು. ವಾಗೀಶ್ ಇದನ್ನು ಬಿಡಿಸಿ ಹೇಳುತ್ತಿದ್ದಂತೆ ಪಂಪಮ್ಮನವರ ಮುಖ ಸಣ್ಣದಾಯಿತು. “ಹಂಗಾರ ನಾನೇ ಕೆಡಿಸೀನಿ,” ಎಂದು ಮಜ್ಜಿಗೆಯ ಲೋಟ ಎತ್ತಿಕೊಂಡು ಹೊರಟರು.

ವಾಗೀಶ್ ದಾರಿಗೆ ಅಡ್ಡ ನಿಂತ. “ಕೆಡಿಸಿಲ್ಲವ್ವ, ಜಾಗ ತಪ್ಪೀದಿ. ಬೆನ್ನಿಗೆ ಮಣ್ಣು ಮೆತ್ತಿ ಅದನ್ನ ಮೆತ್ತಗ ಉಳಿಸಿಕೊಳ್ಳೋರು ಅದಾರ. ಅಂಚು ಗಟ್ಟಿ ಆಗತೈತಿ, ಬೆನ್ನು ಮುರಿಯಂಗಿಲ್ಲ. ಚಾಕುವಿನ ಹಣಿ ಬೆನ್ನಾಗ ಐತಿ. ಅಲ್ಲಿ ಹಚ್ಚು.”

ಮುಂದಿನ ಭಾನುವಾರ ನಾನೂ ಹೋದೆ. ಬೂದಿ ಉದುರದಿರಲೆಂದು ವಾಗೀಶ್ ವಿಭೂತಿಗೆ ಒಂದಿಷ್ಟು ಜೇಡಿಮಣ್ಣು ಕಲಸಿದ್ದ. ಪಂಪಮ್ಮ ಕುರ್ಚಿಯಲ್ಲಿ ಕೂತು ಚಾಕುವಿನ ಬೆನ್ನಿಗೆ ಬೆರಳು ಒತ್ತಿ ಒತ್ತಿ ಹಚ್ಚಿದರು. ಅಂಚಿಗೆ ಒಂದು ಚೂರೂ ತಾಗಿಸಲಿಲ್ಲ. ಚಾಕು ಒಲೆಗೆ ಹೋಯಿತು, ಎಣ್ಣೆಗೆ ಬಿತ್ತು, ಓವನ್ನಿನಿಂದ ಹೊರಗೆ ಬಂತು. ಫೆರಿಕ್ ಕ್ಲೋರೈಡಿನಿಂದ ಎತ್ತಿ ತೊಳೆದಾಗ ಬೆನ್ನಿನ ಉದ್ದಕ್ಕೂ ಬೆರಳು ಒತ್ತಿದ ಲೆಕ್ಕಕ್ಕೆ ಏರಿಳಿಯುವ ಒಂದು ಗೆರೆ ಕಾಣಿಸಿತು. ಅಂಚಿನಲ್ಲಿ ಒಂದೂ ಪಟ್ಟಿ ಇರಲಿಲ್ಲ.

ಪಂಪಮ್ಮ ನಿಂತುಕೊಂಡೇ ಬದನೆಕಾಯಿ ಹೆಚ್ಚಿದರು. ಚಾಕು ತನ್ನ ಭಾರಕ್ಕೇ ತೊಟ್ಟಿನಲ್ಲಿ ಇಳಿಯಿತು. ಅವರು ಒತ್ತಲಿಲ್ಲ, ಅಂಚು ಮಡಚಲಿಲ್ಲ. ನಾನು ಹೆಸರು ಕೊರೆಯುವ ಮಷೀನು ಚೀಲದಿಂದ ಹೊರಗೆ ತೆಗೆದೆ.

“ಹೆಸರ್ಯಾಕಪ್ಪ? ನನ್ನ ಬೆರಳು ಅದರಾಗ ಐತಲ್ಲ,” ಎಂದರು. ಆಮೇಲೆ ಕಾಯಿಪಲ್ಯೆಯ ಬುಟ್ಟಿಗೆ ಕೈ ಹಾಕಿದ್ದ ಸೊಸೆಯ ಕಡೆ ತಿರುಗಿದರು.

“ನೀ ಸರಿ ಅತ್ತಾಗ. ಟಿವಿ ನೋಡು ಹೋಗು.”