ಬಿಸಿಯ ಮುಳ್ಳು ಇಳಿದ ದಿನ

ನನ್ನ ಭಾಮೈದ ನನ್ನ ಮಾತು ಮೀರಿ ವಿಮಾನ ಎತ್ತಿ, ಬೆನ್ನು ಮುರಿದುಕೊಂಡ ಎಂದು ಕಡೂರಿನಿಂದ ಅಜ್ಜಂಪುರದವರೆಗೆ ನಮ್ಮ ನೆಂಟರೆಲ್ಲ ನಂಬಿದ್ದಾರೆ. ಅದು ಸುಳ್ಳು. ಆ ಸುಳ್ಳನ್ನು ಹೇಳಿದವನು ಅವನೇ. ಎರಡು ವರ್ಷ ಅದರ ನೆರಳಿನಲ್ಲಿ ಕುಳಿತವನು ನಾನು. ಅವನು ತೀರಿಕೊಂಡು ಮೂರು ತಿಂಗಳಾಯಿತು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನಾನು ಸೇನೆಯ ವಿಮಾನ ಶೆಡ್ಡುಗಳಲ್ಲಿ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ ಮಾಡಿದವನು. ಅಲ್ಲಿ ಬೋಲ್ಟು ಬಿಗಿ ಮಾಡಿದವನು ಒಂದು ಸಹಿ ಹಾಕಬೇಕು, ಅದನ್ನು ಪರೀಕ್ಷಿಸಿದವನು ಇನ್ನೊಂದು. ಎರಡು ಸಹಿ ಬೀಳದೆ ಯಾವ ವಿಮಾನವೂ ನೆಲ ಬಿಡುವಂತಿರಲಿಲ್ಲ. ನಿವೃತ್ತಿಯ ನಂತರ ಅಜ್ಜಂಪುರದಲ್ಲಿ ಮನೆ ಮಾಡಿದ ಮೇಲೂ ಅಭ್ಯಾಸ ಬಿಡಲಿಲ್ಲ. ಗ್ಯಾಸ್ ಸಿಲಿಂಡರ್ ಬದಲಿಸಿದಾಗ ರೆಗ್ಯುಲೇಟರ್ ಕೂರಿಸುವುದು ನಾನು, ಸೋಪಿನ ನೀರು ಹಚ್ಚಿ ನೋಡುವುದು ಹೆಂಡತಿ. "ಸೈನ್ ಎಲ್ಲಿ ಹಾಕ್ಲಿ, ನಿಮ್ ಹಣೆ ಮೇಲಾ?" ಎಂದು ಕೇಳುತ್ತಿದ್ದಳು.

ಅವಳ ಒಬ್ಬನೇ ತಮ್ಮನದು ಕಡೂರಿನಲ್ಲಿ ಕಾರಿನ ಗ್ಯಾರೇಜು. ಮದುವೆಯಾಗಲಿಲ್ಲ. ಐವತ್ತು ದಾಟಿದ ಮೇಲೆ ಅವನಿಗೆ ವಿಮಾನ ಕಟ್ಟುವ ಆಸೆ ಹತ್ತಿತು. ನಕ್ಷೆ ತರಿಸಿಕೊಂಡ. ಅಲ್ಯೂಮಿನಿಯಂ ಕೊಳವೆ, ಬಿಗಿದ ಬಟ್ಟೆ, ಒಂದೇ ಸೀಟು. ತರೀಕೆರೆಯ ಗುಜರಿ ಅಂಗಡಿಯಲ್ಲಿ ಅಪಘಾತವಾದ ಕಾರೊಂದರ ಎಂಜಿನ್ ಹುಡುಕಿ ತಂದು, ಅದಕ್ಕೆ ಪ್ರೊಪೆಲ್ಲರ್ ಜೋಡಿಸಿದ. ಏನು ಮಾಡುತ್ತೀಯೋ ಇದನ್ನು ಎಂದು ಕೇಳಿದೆ.

"ಒಂದೇ ಸಲ ಭಾವ, ಕಡೂರ್ನ ಮೇಲಿಂದ ನೋಡ್ಬೇಕು. ನಮ್ ಗ್ಯಾರೇಜ್ ಶೀಟ್ ಮೇಲೆ ಯಾರ್ಯಾರು ಏನೇನ್ ಎಸ್ದವ್ರೆ ಅಂತ ಲೆಕ್ಕ ಸಿಗ್ತದೆ."

"ಏಣಿ ಹಾಕ್ಕೊಂಡು ನೋಡೋ."

"ಏಣಿ ಹತ್ತಕ್ಕೆ ನಿಮ್ ಎರಡು ಸೈನ್ ಬೇಡ್ವಾ?"

ಹೀಗೆ ನಾನು ಆ ಕೆಲಸಕ್ಕೆ ಸೇರಿದೆ. ಹಾರುವುದಕ್ಕೆ ಸರ್ಕಾರದ ಅನುಮತಿ ಪತ್ರ ಬರಬೇಕು; ಅದು ಬರುವತನಕ ನೆಲದ ಮೇಲೆ ಓಟ ಮಾತ್ರ ಎಂದು ಮೊದಲ ದಿನವೇ ಹೇಳಿದೆ. ಅವನು ಒಪ್ಪಿದ. ಪ್ರತಿ ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಕಡೂರಿಗೆ ಹೋಗುತ್ತಿದ್ದೆ. ಗ್ಯಾರೇಜಿನ ಗೋಡೆಗೆ ಕೆಲಸಗಳ ಪಟ್ಟಿಯೊಂದನ್ನು ತೂಗುಹಾಕಿದೆ. ಅವನ ಸಹಿ ಎಡಕ್ಕೆ, ನನ್ನದು ಬಲಕ್ಕೆ.

ನನಗೆ ಭಯವಿದ್ದದ್ದು ನೀರಿನ ವ್ಯವಸ್ಥೆಯ ಬಗ್ಗೆ. ನಾನು ಸೇವೆಯಲ್ಲಿ ಕಂಡ ಎಂಜಿನ್ನುಗಳನ್ನೆಲ್ಲ ಗಾಳಿಯೇ ತಣಿಸುತ್ತಿತ್ತು. ಕಾರಿನ ಎಂಜಿನ್ನು ರಸ್ತೆಯಲ್ಲಿ ತನ್ನ ಪೂರ್ತಿ ಶಕ್ತಿ ತೋರಿಸುವುದು ಅಪರೂಪ. ವಿಮಾನದಲ್ಲಿ ಅದು ನಿಮಿಷಗಟ್ಟಲೆ ಮೈಮುರಿದು ದುಡಿಯಬೇಕು. ಅಷ್ಟೂ ಬಿಸಿಯನ್ನು ನೀರು ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ಬಿಡಬೇಕು. ಒಂದು ರಬ್ಬರ್ ಪೈಪು ಜಾರಿದರೆ ಮುಗಿಯಿತು. ಪೈಪುಗಳನ್ನೆಲ್ಲ ಹೊಸದು ಹಾಕಿಸಿದೆ, ಒಂದೊಂದು ತುದಿಗೆ ಎರಡೆರಡು ಕ್ಲಿಪ್ಪು. ಬೋರ್‌ವೆಲ್ ನೀರು ಮುಟ್ಟಬಾರದು, ಕೂಲೆಂಟೇ ಹಾಕಬೇಕು ಎಂದು ಬರೆಸಿದೆ. ಉಕ್ಕಿದ ನೀರು ಅವನ ಮೇಲೆ ಬೀಳದಿರಲೆಂದು ಅದು ಹೊರಹೋಗುವ ಕೊಳವೆಯನ್ನು ಸೀಟಿನ ಕೆಳಗಿನಿಂದ ಹಿಂದಕ್ಕೆ ತಿರುಗಿಸಿದೆ.

ಆಮೇಲೆ ಥರ್ಮೋಸ್ಟಾಟಿನ ಮಾತು ಬಂತು. ಅದು ಎಂಜಿನ್ ತಣ್ಣಗಿದ್ದಾಗ ರೇಡಿಯೇಟರಿನ ದಾರಿ ಮುಚ್ಚಿ, ಬಿಸಿಯಾದಾಗ ತೆರೆಯುವ ಸಣ್ಣ ವಾಲ್ವು. ನಮ್ಮ ಬಯಲುಸೀಮೆಯ ಗ್ಯಾರೇಜುಗಳಲ್ಲಿ ಕಾರು ಬಿಸಿಯಾಗುತ್ತದೆ ಎಂದರೆ ಮೊದಲು ಮಾಡುವ ಕೆಲಸ ಅದನ್ನು ಕಿತ್ತು ಎಸೆಯುವುದು.

"ಮೂವತ್ತು ವರ್ಷದಿಂದ ಕೀಳ್ತಾನೇ ಇದೀನಿ ಭಾವ. ಕಡೂರ್ ಬಿಸ್ಲಿಗೆ ಅದ್ಯಾಕೆ? ಅರ್ಧ ಮುಚ್ಕೊಂಡು ನಿಂತ್ರೆ ಕತೆ ಮುಗೀತು," ಎಂದ.

ನಾನು ಶೆಡ್ಡಿನಲ್ಲಿ ಕಲಿತದ್ದೂ ಅದೇ: ಸಿಕ್ಕಿಕೊಳ್ಳಬಹುದಾದ ಭಾಗ ಕಡಿಮೆಯಿದ್ದಷ್ಟೂ ಒಳ್ಳೆಯದು. ಅವನ ರೂಢಿ, ನನ್ನ ಪಾಠ ಎರಡೂ ಒಂದೇ ಕಡೆ ಬಂದು ನಿಂತವು. ಅದನ್ನು ತೆಗೆದರೆ ಏನಾಗುತ್ತದೆಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಅವನು ಕಿತ್ತ, ಎಡಕ್ಕೆ ಸಹಿ ಹಾಕಿದ. ನಾನು ಖಾಲಿ ಜಾಗ ನೋಡಿ ಬಲಕ್ಕೆ ಸಹಿ ಹಾಕಿದೆ. ಕಿತ್ತ ವಾಲ್ವಿಗೆ ಚೀಟಿ ಕಟ್ಟಿ ಮನೆಗೆ ತಂದು ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟೆ.

ಹಿರೇನಲ್ಲೂರಿನ ಕಡೆ ಅವನ ಗಿರಾಕಿಯೊಬ್ಬರ ರಾಗಿ ಕೊಯ್ದ ಹೊಲವಿತ್ತು. ರೋಲರ್ ಹೊಡೆಸಿ ಸಮ ಮಾಡಿದೆವು. ಮೊದಮೊದಲು ದಿನಕ್ಕೆ ಒಂದೋ ಎರಡೋ ಓಟ. ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಅರ್ಧವನ್ನೂ ದಾಟಲಿಲ್ಲ. ನಮಗೆ ಧೈರ್ಯ ಬಂತು.

ಆ ಶನಿವಾರ ಐದು ಓಟ ಎಂದು ಪಟ್ಟಿಯಲ್ಲಿತ್ತು. ನಾನು ಹೊಲದ ಈ ತುದಿಯಲ್ಲಿ, ಕೈಯಲ್ಲಿ ಪಟ್ಟಿ ಮತ್ತು ಸ್ಟಾಪ್‌ವಾಚು. ಮಾತು ಫೋನಿನಲ್ಲಿ. ನಾಲ್ಕನೇ ಓಟ ಮುಗಿದಾಗ ಅವನು ಆ ತುದಿಯಲ್ಲಿದ್ದ.

"ಮುಳ್ಳು ಕೆಂಪಿಗೆ ಹತ್ತಿದೆ ಭಾವ."

"ನಿಲ್ಲು. ಇಳಿಯೋವರ್ಗೂ ಅಲ್ಲಾಡ್ಬೇಡ."

ಎಂಜಿನ್ ನಿಧಾನಕ್ಕೆ ತಿರುಗುತ್ತಿತ್ತು. ಒಂದು ನಿಮಿಷವಾಯಿತು. ಆಮೇಲೆ ಅವನ ದನಿಯಲ್ಲಿ ಖುಷಿ.

"ಇಳೀತು ಭಾವ! ಪಟ್ಟಂತ ಇಳ್ದುಬಿಡ್ತು. ರೇಡಿಯೇಟರ್ ಅಂದ್ರೆ ಇದು ಕಣ್ರೀ!"

ಕುದಿಯುವ ಎಂಜಿನ್ನು ಪಟ್ಟನೆ ತಣ್ಣಗಾಗುವುದಿಲ್ಲ. ಇದು ಗೊತ್ತಿರಬೇಕಾದವನು ನಾನು. ಆದರೆ ನನ್ನ ಪಟ್ಟಿಯಲ್ಲಿದ್ದದ್ದು ಒಂದೇ ಸಾಲು: ಮುಳ್ಳು ಕೆಂಪು ಗೆರೆಯಿಂದ ಕೆಳಗಿದ್ದರೆ ಮುಂದಿನ ಓಟ. ಗುರುತು ಹಾಕಿದೆ.

"ಹೋಗು," ಎಂದೆ.

ನೀರು ಕುದಿದು, ನಾನೇ ತಿರುಗಿಸಿದ ಕೊಳವೆಯಿಂದ ಅವನ ಬೆನ್ನ ಹಿಂದೆ ಹೊಲಕ್ಕೆ ಸುರಿದುಹೋಗಿತ್ತು. ಬಿಸಿ ಅಳೆಯುವ ಕಡ್ಡಿಯ ಸುತ್ತ ನೀರೇ ಇರಲಿಲ್ಲ. ಅಳೆಯಲು ನೀರಿಲ್ಲದ ಮುಳ್ಳು ಕೆಳಗೆ ಬಿದ್ದಿತ್ತು, ಅಷ್ಟೇ.

ಅವನು ವೇಗವಾಗಿ ನನ್ನ ಕಡೆ ಬಂದ. ಚಕ್ರಗಳು ಹಗುರಾದವು. ಎದುರಿನಿಂದ ಒಂದು ಗಾಳಿ ಬೀಸಿ ವಿಮಾನವನ್ನು ಎತ್ತಿತು, ಮನೆಯ ಮಾಳಿಗೆಯಷ್ಟು ಎತ್ತರ. ಎಂಜಿನ್ನಿದ್ದಿದ್ದರೆ ಮೆಲ್ಲಗೆ ಇಳಿಸುತ್ತಿದ್ದ. ಎಂಜಿನ್ನು ಕಾವಿಗೆ ಅಲ್ಲೇ ಬಿಗಿದುಕೊಂಡು ನಿಂತಿತು. ಪ್ರೊಪೆಲ್ಲರ್ ತಟ್ಟನೆ ನಿಂತದ್ದು ನನಗೆ ಕಂಡಿತು. ವಿಮಾನ ಚಪ್ಪಟೆಯಾಗಿ, ಕುಳಿತ ಹಾಗೇ ನೆಲಕ್ಕೆ ಬಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರನೇ ದಿನ ಅವನು ಸರಿಯಾಗಿ ಮಾತಾಡಿದ. ಸೊಂಟದ ಕೆಳಗೆ ಸ್ಪರ್ಶವಿರಲಿಲ್ಲ. ನನ್ನ ಹೆಂಡತಿ ಹಾಸಿಗೆಯ ಪಕ್ಕದಲ್ಲಿದ್ದಳು, ನಾನು ಬಾಗಿಲಲ್ಲಿ.

"ಭಾವ ಬೇಡ ಅಂದ್ರು ಅಕ್ಕ. ನಾನೇ ಮಾತ್ ಕೇಳ್ದೇನೇ ಎತ್ಬಿಟ್ಟೆ," ಎಂದ.

ಅವಳು ನನ್ನ ಕಡೆ ತಿರುಗಿ ನೋಡಿದಳು. ನಾನು ಬಾಯಿ ತೆರೆಯಲಿಲ್ಲ. ಔಷಧಿಯ ಮಂಪರಿನಲ್ಲಿ ಹೇಳುತ್ತಿದ್ದಾನೆ, ಆಮೇಲೆ ಸರಿಪಡಿಸಿದರಾಯಿತು ಎಂದುಕೊಂಡೆ.

ಅವನನ್ನು ನಮ್ಮ ಮನೆಗೇ ಕರೆತಂದೆವು. ಅದಾದ ವಾರ ಒಂದು ಬೆಳಗ್ಗೆ ಡ್ರಾಯರಿನಿಂದ ಆ ವಾಲ್ವು ತೆಗೆದು, ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಒಳಗೆ ಇಳಿಬಿಟ್ಟೆ. ನೀರು ಕಾದಂತೆ ಮೇಲಿನ ಬಾಗಿಲು ತೆರೆಯಿತು. ಅದು ಗೊತ್ತಿದ್ದದ್ದೇ. ಆದರೆ ಅದೇ ಹೊತ್ತಿಗೆ ಕೆಳಗಿದ್ದ ಇನ್ನೊಂದು ತಟ್ಟೆ ಮೆಲ್ಲಗೆ ಕೆಳಕ್ಕೆ ಇಳಿಯಿತು. ಅದರ ಕೆಲಸವೇನೆಂದು ಆಗ ತಿಳಿಯಿತು. ಆ ಜಾತಿಯ ಎಂಜಿನ್ನಿನಲ್ಲಿ ಬಿಸಿನೀರು ರೇಡಿಯೇಟರಿಗೆ ಹೋಗದೆ ನೇರವಾಗಿ ಎಂಜಿನ್ನಿಗೇ ಮರಳುವ ಒಂದು ಅಡ್ಡದಾರಿ ಇರುತ್ತದೆ. ಬಿಸಿಯೇರಿದಾಗ ಆ ಅಡ್ಡದಾರಿಯನ್ನು ಮುಚ್ಚುವುದು ಈ ತಟ್ಟೆ. ನಾವು ಅದನ್ನು ಕಿತ್ತು ಅಡ್ಡದಾರಿಯನ್ನು ತೆರೆದೇ ಬಿಟ್ಟಿದ್ದೆವು. ಒಂದೆರಡು ಓಟಕ್ಕೆ ತಿಳಿಯಲಿಲ್ಲ. ಐದು ಓಟಕ್ಕೆ ತಣಿಯದ ನೀರೇ ಮತ್ತೆ ಮತ್ತೆ ಸುತ್ತಿ ಕುದಿಯಿತು.

"ಏನ್ರೀ ಅದು, ಹಾಲಿನ ಪಾತ್ರೇಲಿ?" ಎಂದು ಹೆಂಡತಿ ಕೇಳಿದಳು.

"ಏನಿಲ್ಲ," ಎಂದೆ.

ಅವಳು ಅಂಗಡಿಗೆ ಹೋದ ಸಮಯ ನೋಡಿ ಅವನ ಕೋಣೆಗೆ ಹೋದೆ. ವಾಲ್ವನ್ನು ಅವನ ಅಂಗೈಯಲ್ಲಿಟ್ಟೆ. ಅವನು ಕೆಳಗಿನ ತಟ್ಟೆಯನ್ನು ಬೆರಳಿನಿಂದ ಒತ್ತಿ ಬಿಟ್ಟ.

"ಗೊತ್ತಾಯ್ತು ಭಾವ. ಮಲ್ಗಿದ್ದಲ್ಲೇ ತಲೇಲಿ ಎಂಜಿನ್ ಬಿಚ್ಚಿ ಜೋಡ್ಸೋದೇ ಅಲ್ವಾ ನಂಗೀಗ ಕೆಲ್ಸ. ಎಷ್ಟು ಕಾರಿಂದು ಕಿತ್ತಿದೀನೋ. ಬೆಟ್ಟ ಹತ್ತಿಸ್ವಾಗ ಯಾರ್ಯಾರು ಬೈಕೊಂಡ್ರೋ."

"ನಿನ್ನಕ್ಕಂಗೆ ಹೇಳ್ತೀನಿ. ಹೋಗು ಅಂದೋನು ನಾನು."

"ಬೇಡ." ಅವನ ದನಿ ಗಟ್ಟಿಯಾಗಿತ್ತು. "ಅವ್ಳು ನಿಮ್ ಮುಖ ಹೆಂಗ್ ನೋಡ್ತಾಳೆ ಆಮೇಲೆ? ನೀವಿಬ್ರೂ ಚೆನ್ನಾಗಿದ್ರೇನೇ ನಂಗೆ ಒಂದು ತುತ್ತು ಕಣ್ರೀ. ನಾನ್ ಬದ್ಕಿರೋವರ್ಗೂ ಹೇಳ್ಬೇಡಿ."

ಒಪ್ಪಿಕೊಂಡೆ. ಒಪ್ಪಿಕೊಂಡಾಗ ನನಗೆ ಹಗುರಾಯಿತು ಎನ್ನುವುದನ್ನೂ ಇಲ್ಲಿ ಬರೆಯಲೇಬೇಕು.

ಬೆಳಗ್ಗೆ ಆರಕ್ಕೆ ಮೈ ಒರೆಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಸಂಜೆ ಕುರ್ಚಿಯಲ್ಲಿ ಕೂರಿಸಿ ಬಾಗಿಲವರೆಗೆ ತಳ್ಳುವುದು. ಎಲ್ಲವೂ ಗಡಿಯಾರದಂತೆ ನಡೆಯಿತು, ತಪ್ಪಿಸಲಿಲ್ಲ. ಹೆಂಡತಿ ಅವನನ್ನು ಪ್ರೀತಿಯಿಂದ ನೋಡಿಕೊಂಡಳು, ಅಷ್ಟೇ ಬೈದಳು. ಮಗ್ಗುಲು ಹೊರಳಿಸುವಾಗೆಲ್ಲ ಒಂದೇ ಮಾತು: "ನಿಮ್ ಭಾವ ಬೇಡ ಅಂದಿದ್ರಲ್ಲೋ. ಒಂದ್ ಮಾತು ಕೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತು? ಅಪ್ಪಂದೇ ಹಟ ಕಣೋ ನಿಂಗೆ." ಅವನು "ಹೂಂ ಅಕ್ಕ, ತಪ್ಪಾಯ್ತು" ಎನ್ನುತ್ತಿದ್ದ. ನಾನು ಅವನ ಕಾಲು ಹಿಡಿದುಕೊಂಡು ನಿಂತಿರುತ್ತಿದ್ದೆ. ಅವನು ನನ್ನ ಕಡೆ ನೋಡುತ್ತಲೇ ಇರಲಿಲ್ಲ.

ಬೆನ್ನಿನ ಹುಣ್ಣು ಕೀವಾಗಿ, ನಂಜು ರಕ್ತಕ್ಕೇರಿ ಅವನು ಹೋದ. ಮಠದ ಸ್ವಾಮಿಗಳು ಬಂದು ಶಿವಗಣಾರಾಧನೆ ಮುಗಿಸಿಕೊಟ್ಟರು. ನೆಂಟರೆಲ್ಲ ಹೊರಟರು. ಹೆಂಡತಿ ಅವನ ಹಾಸಿಗೆಯ ದುಪ್ಪಟಿ ಮಡಚುತ್ತಾ, "ನಿಮ್ ಮಾತ್ ಕೇಳಿದ್ರೆ ಇನ್ನೂ ಇರ್ತಿದ್ದ," ಎಂದಳು.

ನಾನು ಇನ್ನೊಂದು ತುದಿ ಹಿಡಿದುಕೊಂಡಿದ್ದೆ. ಹೇಳಿಬಿಟ್ಟೆ. ವಾಲ್ವು, ಮುಳ್ಳು, "ಹೋಗು" ಎಂದದ್ದು, ಎಲ್ಲವನ್ನೂ ಕ್ರಮವಾಗಿ. ಅವಳು ಕೂಗಾಡಲಿಲ್ಲ.

"ಅವ್ನು ಎತ್ಲಿಲ್ವಾ ಹಂಗಾದ್ರೆ?"

"ಇಲ್ಲ. ಗಾಳಿ ಎತ್ತಿದ್ದು. ನಾನ್ ಹೇಳಿದ್ ಒಂದ್ ಮಾತೂ ಅವ್ನು ಮೀರ್ಲಿಲ್ಲ."

ಅವಳು ದುಪ್ಪಟಿಯ ಸುಕ್ಕನ್ನು ಅಂಗೈಯಿಂದ ಸವರಿ ಸರಿಮಾಡಿದಳು. ನನ್ನ ಬಗ್ಗೆ ಯೋಚಿಸುತ್ತಿದ್ದಾಳೆ ಎಂದುಕೊಂಡಿದ್ದೆ.

"ಎರಡ್ ವರ್ಷ ಬೈದ್ನಲ್ರೀ ಅವನ್ನ. ದಿನಾ ಬೈದೆ. ನೀವು ಅಲ್ಲೇ ನಿಂತಿದ್ರಿ."

"ಹೌದು."

ಅವಳು ದುಪ್ಪಟಿಯ ತುದಿಯನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಉಳಿದದ್ದನ್ನು ಒಬ್ಬಳೇ ಮಡಚಿದಳು.