ಆಷಾಢದ ಅವರೆ ಸಾಲು

ಈಗ ವಿಜಯನಗರದ ಮನೆಗಳು ಒತ್ತೊತ್ತಾಗಿ ನಿಂತಿರುವ ಕಡೆ, ಐವತ್ತರ ದಶಕದಲ್ಲಿ ನಮ್ಮ ಹೊಲವಿತ್ತು. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟು ನೇಗಿಲು ಹಿಡಿದವನು ನಾನು. ದುಡಿಮೆಯಲ್ಲಿ ಯಾರಿಗೂ ಹಿಂದೆ ಬಿದ್ದವನಲ್ಲ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ನನ್ನ ಮದುವೆಯಾದ ವರ್ಷ ಮುಂಗಾರು ಬೇಗ ಬಿತ್ತು, ಎಳ್ಳೂ ಬೇಗ ಬಲಿಯಿತು. ಕಿತ್ತು ಕಂತೆ ಕಟ್ಟಿ, ಒಣಗಲು ಬದುವಿನ ಮೇಲೆ ನಿಲ್ಲಿಸಿದೆವು. ಅದೇ ನೆಲಕ್ಕೆ ರಾಗಿ ಬೀಳಬೇಕು, ರಾಗಿಯ ನಡುನಡುವೆ ಅವರೆ ಸಾಲು. ಮಾರನೆಯ ದಿನವೇ ಒಳ್ಳೆಯ ಮಳೆ ಬಂದು ಭೂಮಿ ಹದವಾಯಿತು. ಆ ಹದ ಆರುವುದರೊಳಗೆ ಬಿತ್ತದಿದ್ದರೆ ಎರಡನೇ ಬೆಳೆಯ ಆಸೆ ಬಿಡಬೇಕು.

ರಾಗಿಯನ್ನು ನಾನೂ ಅಪ್ಪನೂ ಬಿತ್ತಿ ಮುಗಿಸಿದೆವು. ಅವರೆಗೆ ಹೆಂಗಸೇ ಬೇಕು. ನೇಗಿಲ ಹಿಂದೆ ಕಟ್ಟಿದ ಬಿದಿರಿನ ಕೊಳವೆಗೆ ಸಡ್ಡೆ ಅನ್ನುತ್ತೇವೆ. ಅದಕ್ಕೆ ಕಾಳು ಬಿಡುವುದು ನಮ್ಮಲ್ಲಿ ಹೆಂಗಸರ ಕೈ. ಅವ್ವನಿಗೆ ಸೊಂಟ ಹಿಡಿದುಕೊಂಡಿತ್ತು. ಊರಿನ ಹೆಂಗಸರೆಲ್ಲ ಅವರವರ ಹೊಲದಲ್ಲಿದ್ದರು. ಹದ ಎಲ್ಲರಿಗೂ ಒಟ್ಟಿಗೇ ತಾನೆ ಬರುವುದು. ನನ್ನ ಹೆಂಡತಿ ಕೆಂಗೇರಿಯ ತವರಿನಲ್ಲಿದ್ದಳು. ಆಷಾಢ. ಅತ್ತೆ, ಹೊಸ ಸೊಸೆ ಒಂದೇ ಹೊಸಿಲು ದಾಟಬಾರದು.

ಅವಳಿಲ್ಲದೆ ಊಟ ಸೇರುತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಕಾಲ ಅದಲ್ಲ. ಹದ ಆರುತ್ತಿದೆ ಎಂದಷ್ಟೇ ಗೊಣಗುತ್ತಿದ್ದೆ. ಅವ್ವ ಒಲೆಯ ಮುಂದಿನಿಂದಲೇ ಅಪ್ಪನಿಗೆ ಹೇಳಿದಳು:

“ಹೊಲಕ್ಕೆ ಎಲ್ಲೈತೆ ಹೊಸಿಲು? ಹೋಗಿ ಕರ್ಕೊಂಡ್ ಬನ್ನಿ. ಹೊತ್ತು ಮುಳುಗೋಕೆ ಮುಂಚೆ ಅಲ್ಲಿಂದ್ಲೇ ಕಳಿಸ್ಬಿಡಿ.”

ನಾನು ಎದ್ದೆ.

“ನೀನಲ್ಲ ಕಣೋ, ನಿಮ್ಮಪ್ಪ ಹೋಗ್ಲಿ. ನಿನ್ನ ಕಳಿಸಿದ್ರೆ ಅವರೆ ಮುಂದಿನ ವರ್ಷ ಬಿತ್ಬೇಕಾಯ್ತದೆ.”

ಅಪ್ಪ ಅವಳನ್ನು ಗಾಡಿಯಲ್ಲಿ ನೇರ ಹೊಲಕ್ಕೇ ಕರೆತಂದ. ಎಳ್ಳಿನ ಕಂತೆ ನೋಡುವ ನೆಪ ಮಾಡಿಕೊಂಡು ತಾನು ಆ ತುದಿಗೆ ಹೋದ. ಅವಳು ಮಡಿಲಿಗೆ ಕಾಳು ತುಂಬಿಕೊಂಡು ನನ್ನ ಹಿಂದೆ ನಡೆದಳು. ಬಿದಿರಿನೊಳಗೆ ಕಾಳು ಇಳಿಯುವ ಸದ್ದಿನ ಜೊತೆಗೆ ಅವಳ ಬಳೆಗಳ ಸದ್ದು. ಆ ಸದ್ದು ಈಗಲೂ ಕೆಲವೊಮ್ಮೆ ನನ್ನ ಬೆನ್ನ ಹಿಂದೆ ಬಂದ ಹಾಗಾಗುತ್ತದೆ. ಅವತ್ತು ತಿರುತಿರುಗಿ ನೋಡುತ್ತಲೇ ಇದ್ದೆ.

“ಮುಂದೆ ನೋಡ್ಕೊಂಡು ಹೊಡೀರಿ,” ಎಂದಳು. “ಸಾಲು ಸೊಟ್ಟ ಹುಟ್ಟಿದ್ರೆ ಊರೆಲ್ಲಾ ನಗ್ತದೆ.”

ಎತ್ತುಗಳನ್ನು ಬೇಕೆಂದೇ ನಿಧಾನ ನಡೆಸಿದೆ. ಹೊತ್ತು ನಿಧಾನ ಮಾಡಲಿಲ್ಲ. ಕೊನೆಯ ಸಾಲು ಮುಗಿದಾಗ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಶ್ರಾವಣಕ್ಕೆ ಇನ್ನೆಷ್ಟು ದಿನ ಎಂದು ಕೇಳಿದಳು. ಲೆಕ್ಕ ಇಬ್ಬರಿಗೂ ಗೊತ್ತಿತ್ತು.

“ಅವರೆ ಎರಡೆಲೆ ಬಿಡೋ ಹೊತ್ಗೆ ಬಂದ್ಬಿಡ್ತದೆ,” ಎಂದೆ.

ಗಾಡಿ ಕೆಂಗೇರಿ ಕಡೆ ತಿರುಗಿತು.

ಆಮೇಲೆ ದಿನವೂ ಬೆಳಗ್ಗೆ ಎದ್ದವನೇ ಹೊಲಕ್ಕೆ ಹೋಗಿ ಕೂತು ಮಣ್ಣು ನೋಡುತ್ತಿದ್ದೆ. ಅವರೆ ನೆಲ ಒಡೆದು ಮೇಲೆದ್ದಿತು. ಎರಡೆಲೆ ಬಿಟ್ಟಿತು. ಎರಡಿದ್ದದ್ದು ನಾಲ್ಕಾಯಿತು. ಶ್ರಾವಣ ಇನ್ನೂ ಬಂದಿರಲಿಲ್ಲ.